ಡಬ್ಬಿ ತೆರೆದರೆ ಓಡುವವನು

ನವ್ಯಶ್ರೀ ಊಟದ ಸ್ಟೀಲ್ ಡಬ್ಬಿಯ ಬಿಗಿ ಮುಚ್ಚಳ ತಿರುಗಿಸಿದಳು. ಬಂಗುಡೆ ಹುರಿದ ಪರಿಮಳ ಎದ್ದಿತು. ಎದುರಿಗೆ ಕುಳಿತಿದ್ದ ಹೊಸಬನೂ ಎದ್ದ... ಕಿವಿ ಮುಚ್ಚಿ ಹೊರಗೆ ಓಡಿಯೇಬಿಟ್ಟ!

ಹೆಸರು ತಿಲಕ್. ಕಾರ್ಕಳದವನು. ಮಣಿಪಾಲದ ಈ ಪುಟ್ಟ ಕಚೇರಿಯಲ್ಲಿ ಆಡಿಯೋ ಪುಸ್ತಕಗಳ ಧ್ವನಿ ತಿದ್ದುವ ಕೆಲಸ. ಮೊದಲ ದಿನವೇ ಹೀಗೆ!

‘ಮೀನು ಕಂಡರೆ ಇಷ್ಟು ಅಸಹ್ಯವೇ?’ ಕಾಪುವಿನ ಮೀನುಗಾರರ ಮನೆಯ ಹುಡುಗಿಗೆ ಮುಖಕ್ಕೆ ಹೊಡೆದಂತಾಯಿತು.

ಆದರೂ ಮರುದಿನ ಮೊಸರನ್ನ ತಂದಳು. ಮುಚ್ಚಳ ತೆರೆದಳು. ಅವನು ಓಡಿದ!

‘ಹಾಗಾದರೆ ಮೀನಲ್ಲ... ನಾನೇ!’

ಇದು ಇನ್ನೂ ಹೆಚ್ಚು ನೋಯಿಸಿತು. ಯಾಕೆಂದರೆ ಮಾನಿಟರಿನ ಮುಂದೆ ಮಗುವಿನಂತೆ ತಲೆ ಓರೆ ಮಾಡಿ ಕೇಳುವ ಅವನನ್ನು ಅವಳು ಕದ್ದು ನೋಡತೊಡಗಿದ್ದಳು.

ತಿಲಕ್‌ನ ಪರೀಕ್ಷಾರ್ಥ ಅವಧಿ ಮುಗಿಯುತ್ತ ಬಂತು. ಮಾಲೀಕ ಅಲೆಕ್ಸಾಂಡರ್ ಸರ್ ಕೇಳಿದರು, "ಎಂತ ಮಾಡುದು ನವ್ಯಾ? ಯಾರೊಟ್ಟಿಗೂ ಊಟಕ್ಕೆ ಕೂರುದಿಲ್ಲ. ಕರೆದರೆ ಬೆಚ್ಚಿ ಬೀಳ್ತಾನೆ. ಇವನನ್ನು ಇಡುವಾ, ಕಳಿಸುವಾ? ತಂಡ ನಿನ್ನದು, ಸಂಜೆಯೊಳಗೆ ನೀನೇ ಹೇಳು."

ಅವಳು ನೇರ ಮೆಟ್ಟಿಲ ಬಳಿಗೆ ಹೋದಳು. ತಿಲಕ್ ಒಬ್ಬನೇ ಕುಳಿತು ಉಣ್ಣುತ್ತಿದ್ದ. ತಟ್ಟೆಯಲ್ಲಿ... ಬಂಗುಡೆ!

"ನಿಮಗೆ ಮೀನು ಆಗ್ತದಾ?"

"ಬಂಗುಡೆ ಇಲ್ಲದಿದ್ರೆ ನನಗೆ ಊಟವೇ ಸೇರುದಿಲ್ಲ."

"ಮತ್ತೆ ನನ್ನನ್ನು ಕಂಡು ಓಡುದು ಯಾಕೆ?"

"ನಿಮ್ಮನ್ನಲ್ಲ! ಆ ಮುಚ್ಚಳ... ಕಿರ್ರ್ ಅನ್ನುವಾಗ ತಲೆಗೆ ಮೊಳೆ ಹೊಡೆದ ಹಾಗೆ ಆಗ್ತದೆ. ನನಗೆ ಆಟಿಸಂ ಉಂಟು."

"ಮೊದಲೇ ಹೇಳಬಾರದಿತ್ತಾ?"

"ಹಿಂದೆ ಒಂದು ಕಡೆ ಹೇಳಿದ್ದೆ. ಕೆಲಸವೇ ಕೊಡಲಿಲ್ಲ."

ಇಷ್ಟು ದಿನ ನವ್ಯಶ್ರೀ ಮನಸ್ಸಿನಲ್ಲೇ ಜಗಳವಾಡಿದ್ದು ಒಂದು ಮುಚ್ಚಳದ ಜೊತೆಗೆ!

ಸಂಜೆ ಹೇಳಿದಳು, "ತಿಲಕ್ ಇರ್ಲಿ ಸರ್. ನಮ್ಮ ಡಬ್ಬಿಗಳನ್ನು ಹೊರಗೆ ಕಳಿಸುವ."

ಊಟ ಹೊರಗಿನ ಜಗಲಿಗೆ ಹೋಯಿತು. ಕೋಣೆಯಿಂದ ಕೋಣೆಗೆ ಕೂಗುವುದು ನಿಂತಿತು. ಹೇಳಬೇಕಾದ್ದನ್ನು ಎಲ್ಲರೂ ಬರೆದು ಕಳಿಸತೊಡಗಿದರು. ತಪ್ಪುಗಳೂ ಕಡಿಮೆಯಾದವು. ದಿನವಿಡೀ ಕೂಗುತ್ತಿದ್ದ ಅಲೆಕ್ಸಾಂಡರ್ ಸರ್ ಅಚ್ಚರಿಪಟ್ಟರು, "ನನ್ನ ತಲೆನೋವು ಎಲ್ಲಿಗೆ ಹೋಯ್ತು ಮಾರಾಯ್ರೇ?"

ತಿಲಕ್‌ನ ಕೆಲಸ ಖಾಯಂ ಆಯಿತು. ಆ ಸಂಜೆ ಅವನು ಅವಳ ಮೇಜಿನ ಬಳಿ ಬಂದು ನಿಂತ.

"ಒಂದು ವಿಷಯ ಹೇಳ್ಲಿಕ್ಕುಂಟು. ಮುಖ ನೋಡಿದ್ರೆ ಮಾತು ಬರುದಿಲ್ಲ."

ಅವಳು ಕೈಚಾಚಿ ತೋರಿಸಿದಳು. "ಕಿಟಕಿ ಕಡೆ ನೋಡಿ ಹೇಳಿ."

ಅವನು ತಿರುಗಿದ. ಗಟ್ಟಿಯಾಗಿ ಹೇಳಿಯೇಬಿಟ್ಟ.

"ನನಗೆ ನೀವು ಅಂದ್ರೆ ತುಂಬಾ ಇಷ್ಟ! ನಾವು ಮದುವೆ ಆಗುವಾ?"

ಕಿಟಕಿಯಾಚೆ ಗೇಟು ಹಾಕುತ್ತಿದ್ದ ವಾಚ್‌ಮನ್ ದೇವದಾಸಣ್ಣ ಹೌಹಾರಿ ತಿರುಗಿದ. "ನನಗೆ ಮೊಮ್ಮಕ್ಕಳುಂಟು ಮಾರಾಯ್ರೇ!"

ನವ್ಯಶ್ರೀ ನಕ್ಕಳು... ಕಣ್ಣಲ್ಲಿ ನೀರು ಬರುವವರೆಗೆ. ಆಮೇಲೆ ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತು ತಾನೂ ಹೊರಗೆ ನೋಡಿದಳು.

"ಹ್ಞೂಂ," ಎಂದಳು ಮೆಲ್ಲಗೆ.

"ಯಾವುದಕ್ಕೆ ಹ್ಞೂಂ? ಇಷ್ಟಕ್ಕಾ, ಮದುವೆಗಾ?"

"ಎರಡಕ್ಕೂ ಮಾರಾಯ!"