ಹೆಬ್ಬೆಟ್ಟು ಬೀಳದವರು

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನೇಕಾರರ ದುಡ್ಡಿನಿಂದ ಅರ್ಧ ಕಪ್ ಚಹಾ ಕೂಡ ಕುಡಿಯದ ನೀಲಕಂಠನಿಗೆ ಮುಧೋಳದ ತರಬೇತಿಯಲ್ಲಿ ಎಲ್ಲರೆದುರು ಅವಮಾನವಾಯಿತು. ಸರಕಾರಿ ಲೆಕ್ಕವನ್ನು ಬ್ಲಾಕ್‌ಚೈನಿಗೆ ಏರಿಸುವುದನ್ನು ಕಲಿಸಲು ಬಂದಿದ್ದ ವಂದನಾ ಮೇಡಂ, "ಒಮ್ಮೆ ಬರೆದದ್ದನ್ನ ಯಾರೂ ತಿದ್ದಾಕ ಬರೂದಿಲ್ಲ. ಇನ್ನ ಗುಮಾಸ್ತರನ್ನ ನಂಬೂ ಕೆಲಸಾನ ಇಲ್ಲ ನೋಡ್ರಿ" ಎಂದರು. ಸಭೆ ನಕ್ಕಿತು. ನೀಲಕಂಠನೂ ನಕ್ಕ. ಜಮಖಂಡಿಯ ಮನೆಗೆ ಬಸ್ಸಿನಲ್ಲಿ ಮರಳುವಾಗ ಮಾತ್ರ ಅವನ ಮೈ ಉರಿಯುತ್ತಿತ್ತು. ನಂಬದಿದ್ದರೆ ಬೇಡ, ಕದ್ದೇ ತೋರಿಸುತ್ತೇನೆ ಎಂದುಕೊಂಡ.

ಅವನು ಬನಹಟ್ಟಿಯಲ್ಲಿ ನೇಕಾರರಿಗೆ ರಿಯಾಯಿತಿ ನೂಲು ಹಂಚುವ ಕಚೇರಿಯ ಗುಮಾಸ್ತ. ಹೊಸ ಪದ್ಧತಿಯಲ್ಲಿ ನೇಕಾರ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಹೆಸರು, ತೂಕ, ದಿನ, ಗಂಟೆ ಒಮ್ಮೆಲೇ ಹತ್ತಾರು ಊರಿನ ಕಂಪ್ಯೂಟರುಗಳಲ್ಲಿ ದಾಖಲಾಗುತ್ತವೆ, ಕಚೇರಿಯ ಗೋಡೆಯ ಟಿವಿಯಲ್ಲೂ ಕಾಣುತ್ತವೆ. ಆದರೆ ಐವತ್ತು ವರ್ಷ ನೂಲು ಉಜ್ಜಿದ ಹೆಬ್ಬೆಟ್ಟಿನಲ್ಲಿ ಗೆರೆ ಎಲ್ಲಿ ಉಳಿದೀತು? ಅಂಥವರಿಗಾಗಿ 'ಬೆರಳು ಬೀಳದು' ಎಂಬ ಗುಂಡಿ ಇಟ್ಟಿದ್ದರು. ಅದನ್ನು ಒತ್ತಿ ಗುಮಾಸ್ತನೇ ತನ್ನ ಹೆಬ್ಬೆಟ್ಟು ಕೊಟ್ಟರಾಯಿತು. ಗುಮಾಸ್ತನನ್ನು ನಂಬಬೇಕಿಲ್ಲದ ಪದ್ಧತಿ ಕೊನೆಗೆ ಬಂದು ನಿಂತದ್ದು ಗುಮಾಸ್ತನ ಬೆರಳಿನ ಮೇಲೆ!

ಯೋಜನೆಗೆ ಎರಡು ತಿಂಗಳು ಹಿಡಿಯಿತು. ಓದು ಬಾರದ, ಮರೆವು ಹತ್ತಿದ ನಲವತ್ತು ಮಂದಿ ವಯಸ್ಸಾದವರನ್ನು ಆರಿಸಿದ. ತೇರದಾಳದ ವ್ಯಾಪಾರಿ ಪರಮಾನಂದ ಕದ್ದ ನೂಲು ಕೊಳ್ಳಲು ಒಪ್ಪಿದ. ಜೊತೆಯ ನೌಕರ ಬೀಳಗಿಯ ಸಭೆಗೆ ಹೋದ ಒಂದು ಸೋಮವಾರ, ಅದೃಷ್ಟಕ್ಕೆ ಒಬ್ಬ ನೇಕಾರನೂ ಬಾಗಿಲಿಗೆ ಬರಲಿಲ್ಲ. ಹತ್ತೂವರೆಯಿಂದ ನಾಲ್ಕರ ತನಕ ಒಂದೊಂದೇ ಹೆಸರು ಏರಿಸಿದ. ಒಬ್ಬರಿಗೆ ಒಂದು ಬಂಡಲ್, ಇನ್ನೊಬ್ಬರಿಗೆ ಎರಡು. ಊಟದ ಹೊತ್ತಿನಲ್ಲಿ ಏನೂ ಏರಿಸಲಿಲ್ಲ, ಅಷ್ಟು ಹುಷಾರು. ಪರಮಾನಂದನ ಟೆಂಪೊ ಹಾಡಹಗಲೇ ಬಂದು ಹೋಯಿತು. ಇನ್ನು ತಪಾಸಣೆಗೆ ಯಾರೇ ಬರಲಿ, ತಿದ್ದಲಾಗದ ಲೆಕ್ಕವೇ ಅವನ ಸಾಕ್ಷಿ. ತನ್ನ ಕಳವಿಗೆ ಸರಕಾರವೇ ಬೀಗ ಜಡಿದು ಕೊಟ್ಟಿತೆಂದು ಅವನಿಗೆ ಖುಷಿಯಾಯಿತು.

ಆ ಖುಷಿ ಶುಕ್ರವಾರದ ತನಕ ಬಾಳಿತು. ಅಂದು ಭಾಗವ್ವ ಬಂದಳು. ಹಿಂದೆ ಬನಹಟ್ಟಿಯ ಒಂದೇ ಓಣಿಯಲ್ಲಿ ಅವನ ಅವ್ವನ ಜೊತೆ ನೇಯ್ದವಳು, ಅವ್ವ ಹಾಸಿಗೆ ಹಿಡಿದಾಗ ಮೂರು ತಿಂಗಳು ಅವರ ಮನೆಗೆ ರೊಟ್ಟಿ ಬಡಿದು ಕೊಟ್ಟವಳು. ಅವಳ ಹೆಸರು ಏರಿಸುವಾಗ ನೀಲಕಂಠ ಒಮ್ಮೆ ಹಿಂಜರಿದಿದ್ದ, ನಿಲ್ಲಿಸಿರಲಿಲ್ಲ.

"ತಮ್ಮಾ, ನೂಲು ಬಂದೈತೇನೋ? ಮಗ್ಗ ಖಾಲಿ ನಿಂತೈತಿ."

"ಕಾಕು, ನಿಮ್ಮ ಪಾಲು ಒಯ್ದೀರಲ್ಲ. ಎರಡು ಬಂಡಲ್."

"ಒಯ್ದೀನಾ? ಮರವು ಭಾಳ ಆಗೈತಿ ನೋಡಪಾ. ಎಲ್ಲಿಟ್ಟೆನೋ ಏನೋ. ತಪ್ಪ ತಿಳ್ಕೋಬ್ಯಾಡ."

ಕದ್ದವನು ತಾನು, ಕ್ಷಮೆ ಕೇಳುತ್ತಿರುವವಳು ಅವಳು. ನೀಲಕಂಠನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿಬಿಡೋಣವೆಂದು ಬಾಯಿ ತೆರೆದ. ಅವಳ ಹಿಂದೆ ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಬಾಯಿ ಮುಚ್ಚಿದ. ಆ ಹೇಡಿತನಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಯಾವತ್ತು ಒಯ್ದೀನಿ, ಅಷ್ಟ ಹೇಳು. ನೆನಪ ಮಾಡ್ಕೋತೇನಿ."

ಅವನು ಆ ದಿನದ ಪಟ್ಟಿಯನ್ನು ಟಿವಿಗೆ ತಂದ. ಸಾಲಿನವರಿಗೂ ಕೇಳಲಿ ಎಂದು ಗಟ್ಟಿಯಾಗಿ ಓದಿದ: "ಸೋಮಾರ, ಮುಂಜಾನಿ ಹನ್ನೊಂದು ಇಪ್ಪತ್ತಕ್ಕ."

ಭಾಗವ್ವನ ಮುಖದಲ್ಲಿ ನಿರಾಳ ಕಾಣಿಸಿತು. ಮರೆತವಳು ತಾನಲ್ಲ ಎಂಬ ನಿರಾಳ. "ಹಂಗಾದ್ರ ನಾ ಅಲ್ಲೋ ತಮ್ಮಾ" ಎಂದಳು ಮೆತ್ತಗೆ. "ಸೋಮಾರ ಅಮಾಸಿ ಇತ್ತಲ್ಲ." ಸಾಲಿನವರು ಒಬ್ಬೊಬ್ಬರಾಗಿ ಟಿವಿಯ ಕಡೆ ತಿರುಗಿ, ಅದೇ ತಾರೀಖಿನ ಎದುರು ತಮ್ಮ ಅಪ್ಪ, ಅವ್ವ, ಅಜ್ಜಂದಿರ ಹೆಸರು ಓದತೊಡಗಿದರು. ನೀಲಕಂಠನ ಬೆರಳು ತಿದ್ದುವ ಗುಂಡಿಗಾಗಿ ಹುಡುಕಿತು. ಅಂಥ ಗುಂಡಿಯೇ ಇರಲಿಲ್ಲ. "ಅಮಾಸಿ ದಿನ ನಮ್ಮ ಓಣ್ಯಾಗ ಯಾರು ನೂಲು ಮುಟ್ಯಾರ?" ಎಂದಳು ಭಾಗವ್ವ. "ನಿಮ್ಮವ್ವಾದ್ರೂ ಯಾವಾಗ ಮುಟ್ಟಿದ್ಲು?"