ಅರ್ಧಕ್ಕೆ ನಿಂತ ಒಂಬತ್ತನೇ ಗೆರೆ

"ನಿಲ್ಲಿಸ್ಬೇಡಿ ಅಂದೆ ಅಲ್ವಾ! ಮತ್ತೆ ಯಾಕ್ರೀ ನಿಲ್ಲಿಸಿದ್ರಿ?"

ಹಡಗಿನ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ದನಿ ನಾಲ್ಕೂ ಗೋಡೆಗೆ ಬಡಿಯಿತು.

ಕೆಳಗೆ, ಎಂಟುನೂರು ಮೀಟರ್ ಆಳದಲ್ಲಿ, ಉದ್ದನೆಯ ಕೇಬಲ್ಲಿನ ತುದಿಗೆ ಕ್ಯಾಮೆರಾ ಹೊತ್ತ ಯಂತ್ರವೊಂದು ಕೆಸರಿನ ಮೇಲೆ ತೇಲುತ್ತಾ ನಿಂತಿತ್ತು. ಮೇಲೆ ಕೂತು ಅದನ್ನು ನಡೆಸುತ್ತಿದ್ದ ಚಾಲಕ ಪರದೆಯಿಂದ ಕಣ್ಣು ಕೀಳಲಿಲ್ಲ.

"ಅಲ್ಲೊಂದು ಹೂವಿತ್ತು ಮೇಡಂ..."

"ಹೂವಲ್ಲ, ಪ್ರಾಣಿ! ಅನಿಮೋನ್! ಮತ್ತೆ ಅದು ಅನಿಮೋನೂ ಅಲ್ಲ, ಮಣ್ಣಿನ ಹೆಂಟೆ!"

ಅವರಿಬ್ಬರ ಮೊದಲ ಭೇಟಿ ಹೀಗಿತ್ತು.

ಸಿಟ್ಟಿಗೆ ಕಾರಣವಿತ್ತು. ಆಮ್ಲಜನಕ ತೀರಾ ಕಡಿಮೆಯಿರುವ ಆ ನೀರಿನಲ್ಲಿ ಮೀನುಗಳೇ ಹಿಂದಿರುಗಿ ಹೋಗುತ್ತವೆ. ಆದರೆ ಅನಿಮೋನ್‌ಗಳು ಹೂವಿನ ಹಾಗೆ ಎಸಳು ಬಿಚ್ಚಿ ಅಲ್ಲೇ ಬೇರೂರಿ ಕೂತಿರುತ್ತವೆ. ಎಷ್ಟಿವೆ, ಎಲ್ಲಿವೆ? ಅದನ್ನು ಎಣಿಸಲು ಸಾಗರ ಸಂಶೋಧಕಿಯಾದ ಅವಳು ನಕ್ಷೆಯಲ್ಲಿ ಒಂಬತ್ತು ಗೆರೆ ಎಳೆದಿದ್ದಳು. ಯಂತ್ರ ಒಂದೇ ವೇಗದಲ್ಲಿ, ನೇರವಾಗಿ, ಒಂಬತ್ತೂ ಗೆರೆ ಸಾಗಬೇಕು. ಈ ಹಡಗಿಗಾಗಿ ಅವಳು ನಾಲ್ಕು ವರ್ಷ ಕಾದಿದ್ದಳು, ಅದನ್ನು ಎಲ್ಲರಿಗೂ ಹೇಳಿಯೂ ಇದ್ದಳು!

"ನಾನು ಎಣಿಸ್ತಿರೋವಾಗ ದಯವಿಟ್ಟು ಒಂದಕ್ಷರಾನೂ ಮಾತಾಡ್ಬೇಡಿ."

"ಸರಿ."

ಅಷ್ಟೇ. ಆಮೇಲೆ ಅವನು ಬಾಯಿಗೆ ಬೀಗ ಹಾಕಿಕೊಂಡ. ಆದರೆ ಎಲ್ಲೆಲ್ಲೋ, ಏನೂ ಇಲ್ಲದ ಕಡೆ, ಯಂತ್ರವನ್ನು ಬೇಕೆಂದೇ ನಿಧಾನ ಮಾಡುತ್ತಿದ್ದ. ಎತ್ತು ಏರಿಗೆ, ಕೋಣ ನೀರಿಗೆ! ಅವಳು ಹಲ್ಲು ಕಡಿಯುತ್ತಾ ಎಣಿಸಿದಳು.

ದಿನಾ ಸಂಜೆ ಹಡಗಿನ ಸ್ಯಾಟಲೈಟ್ ಫೋನಿನಿಂದ ಅಕ್ಕನಿಗೆ ಕರೆ ಮಾಡಿ ಗೋಳು ಹೇಳಿಕೊಳ್ಳುತ್ತಿದ್ದಳು.

"ಅಕ್ಕಾ, ಕಲ್ಲುಗುಂಡಿನ ಪಕ್ಕ ಕೂತ ಹಾಗಿದೆ! 'ಟೀ ಬೇಕಾ' ಅಂತಾನೂ ಕೇಳಲ್ಲ, ತಂದು ಮುಂದಿಟ್ಟು ಹೋಗಿಬಿಡ್ತಾನೆ!"

"ಅದಕ್ಕೂ ಸಿಟ್ಟಾ?" ಅಕ್ಕ ನಕ್ಕಳು. "ಹಡಗಲ್ಲಿ ಮೂವತ್ತು ಜನ ಇದೀರಿ. ನೀನು ಹೇಳೋದೆಲ್ಲಾ ಅವನೊಬ್ಬನ ಸುದ್ದಿ. ಏನಮ್ಮಾ ಸಮಾಚಾರ?"

"ಥೂ! ಫೋನ್ ಇಡು!"

ಫೋನ್ ಇಟ್ಟ ಮೇಲೆ ಕೆನ್ನೆ ಯಾಕೆ ಬಿಸಿಯಾಯಿತೋ... ಅದಕ್ಕೂ ಅವನ ಮೇಲೆಯೇ ರೇಗಿತು.

ಎಂಟು ಗೆರೆ ಮುಗಿಯಿತು. ಒಂಬತ್ತನೆಯದು ಅರ್ಧ ದಾಟಿತ್ತು. ಪರದೆಯ ತುಂಬ ಅನಿಮೋನ್! ಅವಳು ಉಸಿರು ಬಿಗಿಹಿಡಿದು ಎಣಿಸುತ್ತಿದ್ದಾಗ, ಕೆಸರು ದೂರವಾಗತೊಡಗಿತು. ಅವನು ಯಂತ್ರವನ್ನು ಮೇಲೆತ್ತುತ್ತಿದ್ದ!

"ಏನ್ ಮಾಡ್ತಿದೀರಿ? ಕೆಳಗಿಳಿಸಿ! ಈಗಲೇ ಇಳಿಸಿ!"

ಅವನ ಕೈ ನಿಲ್ಲಲಿಲ್ಲ. ಅವಳು ಕೂಗಾಡಿ, ಬಾಗಿಲು ಧಡಾರನೆ ಹಾಕಿಕೊಂಡು ಹೊರಗೆ ಹೋದಳು. ಅದೇ ಬಿಸಿಯಲ್ಲಿ ಸಂಸ್ಥೆಯ ಮುಖ್ಯಸ್ಥರಿಗೆ ದೂರು ಬರೆದಳು: ಚಾಲಕ ಬೇಕೆಂದೇ ಸಮೀಕ್ಷೆ ನಿಲ್ಲಿಸಿದ್ದಾರೆ.

ಯಂತ್ರದೊಳಗೆ ನೀರು ನುಗ್ಗಿತ್ತು ಎಂದು ಅವನು ವರದಿ ಕೊಟ್ಟನಂತೆ. 'ಕುಣಿಯಲಾರದವನಿಗೆ ನೆಲ ಡೊಂಕು' ಎಂದುಕೊಂಡಳು. ವಿಚಾರಣೆ ಮುಗಿಯುವವರೆಗೆ ಅವನನ್ನು ಹಡಗಿನಿಂದ ಇಳಿಸಿ ದಡದ ವರ್ಕ್‌ಶಾಪಿಗೆ ಹಾಕಿದರು.

ಮೂರು ವಾರದ ನಂತರ ಅವಳು ಪ್ರಯೋಗಾಲಯದಲ್ಲಿ ಕೂತು ವಿಡಿಯೋಗಳನ್ನು ಮತ್ತೆ ನೋಡುತ್ತಿದ್ದಳು. ನಾಲ್ಕನೇ ಗೆರೆಯಲ್ಲಿ ಯಂತ್ರ ನಿಧಾನವಾದಾಗ ಎಂದಿನಂತೆ ಗೊಣಗಿದಳು. ಚಿತ್ರವನ್ನು ದೊಡ್ಡದು ಮಾಡಿದಳು...

ಹೆಂಟೆಯಲ್ಲ! ಎಸಳೆಲ್ಲ ಒಳಗೆಳೆದುಕೊಂಡು, ಮಣ್ಣುಬಣ್ಣದ ಉಂಡೆಯಂತೆ ಮುದುಡಿ ಕೂತ ಅನಿಮೋನ್!

ಅವನು ನಿಧಾನ ಮಾಡಿದ ಪ್ರತಿ ಕಡೆಯೂ ಹಾಗೆಯೇ. ಒಂದೇ ಗೆರೆಯಲ್ಲಿ ನಲವತ್ತೊಂಬತ್ತು! ಅಷ್ಟನ್ನೂ ಅವಳು ಬಿಟ್ಟಿದ್ದಳು. ಅವನು ಒಂದನ್ನೂ ಬಿಟ್ಟಿರಲಿಲ್ಲ.

ಒಂಬತ್ತನೇ ಗೆರೆಯ ವಿಡಿಯೋ ತೆರೆದಳು. ಮೊದಲ ಸಲ ಧ್ವನಿಯನ್ನೂ ಹಾಕಿದಳು. ಹಡಗಿನ ಆ ಕೋಣೆಯ ಮೈಕ್ ಎಲ್ಲವನ್ನೂ ಹಿಡಿದಿಟ್ಟಿತ್ತು.

"ಮೇಡಂ, ಯಂತ್ರದೊಳಗೆ ನೀರು..."

"ಕೆಳಗಿಳಿಸಿ ಅಂದೆ!"

"ಎಂಟು ಗೆರೆಯ ಪೂರ್ತಿ ಸ್ಪಷ್ಟ ವಿಡಿಯೋ ಅದರೊಳಗೇ ಇದೆ, ಅದೂ ಹೋಗ್ಬಿಡುತ್ತೆ ಮೇ..."

"ಒಂದಕ್ಷರಾನೂ ಬೇಡ! ನಿಮಗೆ ನನ್ನ ಕೆಲಸ ಅಂದ್ರೆ ತಮಾಷೆ!"

ಧಡಾರ್. ಬಾಗಿಲು. ಕೊನೆಗೆ ಅವನು ಯಾರಿಗೂ ಅಲ್ಲದೆ, ತನಗೆ ತಾನೇ ಹೇಳಿಕೊಂಡ ಮಾತು:

"ಪಾಪ... ನಾಲ್ಕು ವರ್ಷ ಕಾದಿದ್ರು."

ಅವಳು ಮುಖ ಮುಚ್ಚಿಕೊಂಡಳು. ಛೆ... ಏನು ಮಾಡಿಬಿಟ್ಟೆ!

ಮರುದಿನ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಅವನು ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಯಂತ್ರ ಬಿಚ್ಚಿ ಕೂತಿದ್ದ.

"ದೂರು ವಾಪಸ್ ತಗೊಂಡೆ," ಅವಳು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು. "ತಪ್ಪೆಲ್ಲಾ ನಂದೇ ಅಂತ ಬರೆದುಕೊಟ್ಟೆ. ನನ್ನ ಎಣಿಕೆನೂ ತಪ್ಪು. ನನ್ನ ವರದೀಲಿ ನಿಮ್ಮ ಹೆಸರೂ ಇರುತ್ತೆ. ಕ್ಷಮಿಸಿ."

"ಪರವಾಗಿಲ್ಲ ಮೇಡಂ."

"ಪರವಾಗಿಲ್ವಾ?! ನಿಮ್ಮ ಕೆಲಸಕ್ಕೇ ಕುತ್ತು ತಂದೆ ಕಣ್ರೀ! ಒಂದ್ಸಲಾನೂ ಸಿಟ್ಟು ಬರಲ್ವಾ ನಿಮಗೆ?"

ಅವನು ಸ್ಪ್ಯಾನರ್ ಕೆಳಗಿಟ್ಟ.

"ಬಂತು. ತುಂಬಾ ಬಂತು. ಇನ್ಮೇಲೆ ನಿಮ್ಮ ಮುಖ ನೋಡ್ಬಾರ್ದು ಅಂದುಕೊಂಡೆ. ಮನೆಗೆ ಹೋದೆ. ಎರಡು ದಿನ ಆಯ್ತು... ಯಾರೂ ಬೈಯೋರಿಲ್ಲ. ಮನೆಯೆಲ್ಲಾ ಬಿಕೋ ಅಂತು. ಆಗ ಗೊತ್ತಾಯ್ತು, ನನಗೆ ನೀವು ಬೇಕು ಅಂತ. ಅದಕ್ಕೆ ನನ್ನ ಮೇಲೇ ಇನ್ನೂ ಸಿಟ್ಟು ಬಂತು."

ಅವಳ ಕಣ್ಣು ತುಂಬಿತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ಹೀಗಾ ರೀ ಪ್ರೀತಿ ಹೇಳೋದು?"

"ಬೇರೆ ಥರ ನನಗೆ ಬರಲ್ಲ."

"ನನಗೂ ಈ ಮೂರು ವಾರ ಅನ್ನ ನೀರು ಸೇರಲಿಲ್ಲ. ನಿಮ್ಮ ಮೇಲಿನ ಸಿಟ್ಟು ಅಂದುಕೊಂಡಿದ್ದೆ! ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ನಂಬರ್ ಇರ್ಲಿಲ್ಲ."

"ಕೇಳ್ಬೇಕಿತ್ತು!"

"ಈಗ ಕೇಳ್ತಿದೀನಿ..."

ಅವಳು ಬ್ಯಾಗಿನಿಂದ ಪೆನ್ನು ತೆಗೆದಳು. ಅವನ ಅಂಗೈಯನ್ನು ತನ್ನ ದುಪಟ್ಟಾದಿಂದಲೇ ಒರೆಸಿ, ಹತ್ತೂ ಅಂಕಿಗಳನ್ನು ಒತ್ತಿ ಬರೆದಳು. ಬರೆದಾದ ಮೇಲೂ ಕೈ ಬಿಡಲಿಲ್ಲ.

"ನಾಳೆ ಸಂಜೆ ಫೋನ್ ಮಾಡ್ಲಾ?" ಅವನು ಮೆಲ್ಲಗೆ ಕೇಳಿದ.

"ಅಯ್ಯೋ, ನಾಳೆ ಯಾಕ್ರೀ? ಇವತ್ತು ಸಂಜೆಗೆ ಏನಾಗಿದೆ?!"