ತಿರುಗುಮುರುಗು ಮೇಜು

"ಕಾಲು ಇಡಬೇಡಿ! ಹಾಗೇ ನಿಲ್ಲಿ."

ಬಾಗಿಲು ದಾಟುತ್ತಿದ್ದ ಬಡಗಿ ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಟ್ಟ. ಅವಳು ಮಂಡಿಯೂರಿ, ಅವನ ಕಾಲಡಿಯಿಂದ ಸಾಸಿವೆಯಷ್ಟು ಚಿಕ್ಕ ಸ್ಕ್ರೂ ಒಂದನ್ನು ಹೆಕ್ಕಿಕೊಂಡಳು. ತಲೆಯೆತ್ತಿದರೆ ಅವನು ಉಸಿರೂ ಬಿಡದೆ ಅವಳನ್ನೇ ನೋಡುತ್ತಿದ್ದ. ಅವಳ ಎದೆ ಸುಮ್ಮಸುಮ್ಮನೆ ಢವಗುಟ್ಟಿತು.

ಔಷಧಿ ಅಂಗಡಿಯಲ್ಲಿ ದಿನವಿಡೀ ಮಾತ್ರೆ ಎಣಿಸುವ ಅವಳಿಗೆ ಹಳೆಯ ಗಡಿಯಾರ ಬಿಚ್ಚಿ ಕೂಡಿಸುವ ಹುಚ್ಚು. ಹದಿನೈದು ವರ್ಷದಿಂದ ಊಟದ ಮೇಜೇ ಗತಿ. ತಟ್ಟೆ ಬಂತೆಂದರೆ ಎಲ್ಲ ಎತ್ತಿಡಬೇಕು. ಕೊನೆಗೂ ಅಮ್ಮ ಸಾಮಾನಿನ ಕೋಣೆ ಬಿಟ್ಟುಕೊಟ್ಟಿದ್ದಳು. ತನ್ನದು ಅಂತ ಸಿಕ್ಕ ಮೊದಲ ಜಾಗ ಅದು.

ಅವಳು ಬಡಗಿಗೆ ಪತ್ರಿಕೆಯಿಂದ ಕತ್ತರಿಸಿದ ಫೋಟೋ ಕೊಟ್ಟು ಹೇಳಿದಳು, "ಮೇಜು ಹೀಗೇ ಬೇಕು. ಒಂದಂಗುಲ ಆಚೀಚೆ ಆಗಬಾರದು."

ಅವನು ಕೋಣೆಯಲ್ಲಿ ಕೆಲಸ ಮಾಡಿದಷ್ಟು ದಿನವೂ ಅವಳು ರಜೆ ಹಾಕಿ ಕೋಣೆಯ ಬಾಗಿಲೆದುರಿನ ಊಟದ ಮೇಜಿನಲ್ಲೇ ಗಡಿಯಾರ ಹಿಡಿದು ಕೂತಳು. ರಜೆ ಯಾಕೆ ಎಂದು ನನ್ನನ್ನು ಕೇಳಬೇಡಿ.

ಎಂಟನೇ ದಿನ ಜೋಡಿಸಿ ಮುಗಿಸಿದ ಮೇಜು ನೋಡಿ ದಂಗಾದಳು. ಬಲಕ್ಕಿರಬೇಕಾದ ಡ್ರಾಯರ್‌ಗಳು ಎಡಕ್ಕೆ, ಎಡಕ್ಕಿರಬೇಕಾದ ದೀಪ ಬಲಕ್ಕೆ!

"ಫೋಟೋ ನೋಡೋಕೂ ಬರಲ್ವಾ ನಿಮಗೆ? ಹದಿನೈದು ವರ್ಷ ಕಾದಿದೀನಿ ರೀ ಇದಕ್ಕೆ. ಎಲ್ಲ ಕೆಡಿಸಿಬಿಟ್ರಿ..."

ಅವನ ಮುಖ ಸಪ್ಪಗಾಯಿತು. "ಫೋಟೋದಲ್ಲಿರೋ ಹಾಗೇ ಬೇರೆ ಮಾಡಿ ಕಳಿಸ್ತೀನಿ. ಜೋಡಿಸೋಕೆ ನಮ್ಮಣ್ಣ ಬರ್ತಾನೆ."

ಅಂದರೆ ಅವನಂತೂ ಇನ್ನು ಬರುವುದಿಲ್ಲ.

"ಒಂದ್ಸಲ ಕೂತು ನೋಡಿ ಆಮೇಲೆ ಬೈಬೇಕಿತ್ತು ಕಣೇ," ಎಂದಳು ಅಮ್ಮ, ಅವನು ಹೋದ ಮೇಲೆ.

ಅವಳು ಮುಖ ಊದಿಸಿಕೊಂಡೇ ಆ ಮೇಜಿನ ಮುಂದೆ ಗಡಿಯಾರ ಹಿಡಿದು ಕೂತಳು. ಚಿಮಟ ಹಿಡಿದದ್ದು ಎಡಗೈ. ಅವಳು ಎಡಗೈಯವಳು. ಡ್ರಾಯರ್ ತಾನಾಗಿ ಕೈಗೆ ಬಂತು. ಗಡಿಯಾರದೊಳಗೆ ಕೈಯ ನೆರಳೇ ಬೀಳಲಿಲ್ಲ. ಇಷ್ಟು ವರ್ಷ ತನ್ನ ನೆರಳಲ್ಲೇ ತಡಕಾಡಿದ್ದಳು, ದೀಪ ಎಡಗೈ ಕಡೆ ಇದ್ದದ್ದೇ ಅದಕ್ಕೆ ಕಾರಣ ಎಂದು ಹೊಳೆದೇ ಇರಲಿಲ್ಲ. ಫೋಟೋದಲ್ಲಿದ್ದದ್ದು ಬಲಗೈಯವರ ಮೇಜು.

'ಅಯ್ಯೋ... ಎಂಥ ಕೆಲಸ ಮಾಡಿದೆ ನಾನು!'

ಅವನ ಮರಗೆಲಸದ ಅಂಗಡಿ ಎರಡು ಬೀದಿ ಆಚೆ. ಅವಳು ಚಪ್ಪಲಿಯ ಪಟ್ಟಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಓಡಿದಳು. ಅವನು ಆಗಲೇ ಹೊಸ ಹಲಗೆಗೆ ಗುರುತು ಹಾಕುತ್ತಿದ್ದ.

"ಕುಯ್ಯಬೇಡಿ. ನನಗೆ ಆ ಮೇಜೇ ಬೇಕು. ಬೈದದ್ದು ತಪ್ಪಾಯ್ತು," ಎಂದಳು ಏದುಸಿರಿನಲ್ಲಿ. "ಆದ್ರೆ ಎಡಗೈಗೆ ಅಂತ್ಲೇ ಮಾಡಿದ್ದು ಅಂತ ನೀವು ಒಂದ್ಮಾತು ಹೇಳಬಾರದಿತ್ತಾ?"

ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ. "ಹೇಳಿದ್ರೆ, ಕೆಲಸ ಬಿಟ್ಟು ನಿಮ್ಮನ್ನೇ ನೋಡ್ತಿದ್ದೆ ಅಂತ ಒಪ್ಕೋಬೇಕಿತ್ತು."

ಅವಳ ಕಣ್ಣು ತುಂಬಿತು. ತನ್ನ ಕೈಯನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ.

"ಈಗ ಒಪ್ಕೊಳ್ಳಿ."

"ಒಪ್ಕೊಂಡೆ. ಮೂರು ದಿನದ ಕೆಲಸನ ಎಂಟು ದಿನ ಎಳೆದಿದ್ದೂ ಅದಕ್ಕೇ."

"ಮತ್ತೆ... ಆ ಕೋಣೆಗೆ ಇನ್ನೊಂದು ಸ್ಟೂಲ್ ಬೇಕಿತ್ತು."

"ಅಳತೆ?"

"ನಿಮ್ಮದೇ," ಎಂದಳು. "ದಿನಾ ಕೂರೋರು ನೀವೇ ಅಲ್ವಾ?"